ಬಿಸಿಯೂ ಬೆಸುಗೆಯೂ

ನಮ್ಮ ಹುನಗುಂದದ ಸುತ್ತಿನ ಹಳ್ಳಿಗಳಲ್ಲಿ ಕಮ್ಮಾರನ ಕುಲುಮೆಯನ್ನು ಕಂಡವರಿಗೆ ಬಿಸಿಯ ಒಂದು ಗುಣ ಚೆನ್ನಾಗಿ ಗೊತ್ತು. ಬಂಡಿಯ ಗಾಲಿಗೆ ತೊಡಿಸುವ ಹಳಿಯ ಎರಡು ತುದಿಗಳನ್ನು ಕೆಂಪಗೆ ಕಾಯಿಸಿ ಬಡಿದರೆ ಅವು ಒಂದಾಗುತ್ತವೆ. ಬೆಸುಗೆ ಎಂಬ ಮಾತಿನಲ್ಲಿಯೇ ನಮಗೆ ಬೆಂಕಿಯ ನೆನಪು ಇದೆ. ಬಿಸಿ ಕೂಡಿಸುತ್ತದೆ, ಕಬ್ಬಿಣವನ್ನು ಕಬ್ಬಿಣಕ್ಕೆ ಹೊಂದಿಸುತ್ತದೆ. ಆದರೆ ಜೀವಿಗಳ ಒಡಲಿನ ಅತಿ ಸೂಕ್ಷ್ಮವಾದ ಒಂದು ಕುಲುಮೆಯಲ್ಲಿ ಇದೇ ಬಿಸಿ ತದ್ವಿರುದ್ಧವಾದ ಕೆಲಸ ಮಾಡುತ್ತದೆ. ಅಲ್ಲಿ ಅದು ಬೆಸುಗೆಯನ್ನು ತಡೆಯುತ್ತದೆ. ವಿಕಿರಣದಿಂದ ಮುರಿದುಬಿದ್ದ ವಂಶತಂತುವನ್ನು ಜೀವಕೋಶ ತಾನೇ ಜೋಡಿಸಿಕೊಳ್ಳಲು ಹೊರಟಾಗ, ಆ ಜೋಡಿಸುವ ಕೈಯನ್ನು ಬಿಸಿ ಹಿಡಿದು ನಿಲ್ಲಿಸುತ್ತದೆ. ಕ್ಯಾನ್ಸರಿನ ಗಡ್ಡೆಗೆ ವಿಕಿರಣ ಚಿಕಿತ್ಸೆ ಕೊಡುವ ವೈದ್ಯರಿಗೆ ಇದು ಒಂದು ವರವಾಗಿ ಕಂಡಿತು. ಈ ಸಂಗತಿಯನ್ನು ಮನುಷ್ಯ ಕಂಡುಕೊಂಡ ಬಗೆ, ಅದಕ್ಕೆ ಹಿಡಿದ ಕಾಲ, ಅದರಿಂದ ಬಂದದ್ದು ಮತ್ತು ಬಾರದೇ ಉಳಿದದ್ದು, ಇವೇ ಇಂದಿನ ಮಾತಿನ ವಿಷಯ.

ನಾನು ಕನ್ನಡ ಸಾಹಿತ್ಯವನ್ನು ಓದಿ, ಕಲಿಸಿ, ನಿವೃತ್ತನಾದವನು. ವಿಜ್ಞಾನದ ಈ ಕಥೆಯನ್ನು ನನ್ನ ಕಸುಬಿನ ಮಾತುಗಳಲ್ಲಿಯೇ ಹೇಳಬೇಕಾದೀತು. ಕೇಳುಗರಲ್ಲಿ ವೈದ್ಯರಿದ್ದರೆ ಸೈರಿಸಿಕೊಳ್ಳಬೇಕು.

ಬೆಂಕಿಯಿಂದ ಗಡ್ಡೆಯನ್ನು ಸುಡುವ ಯೋಚನೆ ಬಹಳ ಹಳೆಯದು. ಕ್ರಿಸ್ತಪೂರ್ವ 1600ರ ಸುಮಾರಿಗೆ ಬರೆದ ಈಜಿಪ್ಟಿನ ಒಂದು ಪಪೈರಸ್ ಸುರುಳಿಯಲ್ಲಿ ಎದೆಯ ಗಡ್ಡೆಗಳನ್ನು ಬೆಂಕಿಯಿಂದ ಸುಡುವ ಪ್ರಸ್ತಾಪವಿದೆ. ನಮ್ಮ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅಗ್ನಿಕರ್ಮಕ್ಕೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಬೆಂಕಿಯಿಂದ ಸುಟ್ಟ ರೋಗ ಮರಳಿ ತಲೆಯೆತ್ತುವುದಿಲ್ಲವೆಂಬುದು ಅಲ್ಲಿಯ ನಂಬಿಕೆ. ಸುಡಬಹುದಾದ ಬೇನೆಗಳಲ್ಲಿ ಗ್ರಂಥಿ, ಅರ್ಬುದಗಳ ಹೆಸರೂ ಬರುತ್ತದೆ. ಹಳ್ಳಿಗಳಲ್ಲಿ ಬರೆ ಎಳೆಯುವುದು, ಚುಟಿಗೆ ಹಾಕುವುದು ಎಂದು ನಡೆದುಬಂದ ಪದ್ಧತಿ ಇದರದೇ ದೂರದ, ಒರಟಾದ ನೆಂಟ. ನನ್ನ ಬಾಲ್ಯದಲ್ಲಿ ಓಣಿಯ ಹಿರಿಯರ ಹೊಟ್ಟೆಯ ಮೇಲೆ, ಕುತ್ತಿಗೆಯ ಮೇಲೆ ಅಂತಹ ಗುರುತುಗಳನ್ನು ಎಷ್ಟೋ ಕಂಡಿದ್ದೇನೆ. ನಮ್ಮ ಸಂಬಂಧದ ಒಬ್ಬ ಅಜ್ಜಿಗೆ ಕುತ್ತಿಗೆಯಲ್ಲಿ ಗಂಟು ಎದ್ದಾಗ ಮೂರು ಸಲ ಬರೆ ಹಾಕಿಸಿದರು. ಮಿರಜಿನ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಆರು ತಿಂಗಳು ಕಳೆದಿದ್ದವು. ಚರ್ಮದ ಮೇಲಿನ ಬರೆಗೂ ಒಳಗಿನ ಗಂಟಿಗೂ ಯಾವ ಸಂಬಂಧವೂ ಇರಲಿಲ್ಲ. ಸುಡುವುದು ಬೇರೆ, ಕಾಯಿಸುವುದು ಬೇರೆ. ಈ ಭೇದವನ್ನು ಕೇಳುಗರು ಮೊದಲಿಗೇ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಇದನ್ನು ಹೇಳಿದೆ. ಸುಟ್ಟರೆ ಒಳ್ಳೆಯದೂ ಕೆಟ್ಟದ್ದೂ ಕೂಡಿಯೇ ಸಾಯುತ್ತವೆ. ಕಾಯಿಸುವ ವಿದ್ಯೆ ಇನ್ನೂ ನಯವಾದದ್ದು.

ಆ ನಯದ ಮೊದಲ ಸುಳಿವು ದೊರೆತದ್ದು ಜ್ವರದಲ್ಲಿ. 1866ರಲ್ಲಿ ಜರ್ಮನಿಯ ಬಾನ್ ನಗರದ ಶಸ್ತ್ರವೈದ್ಯ ಬುಶ್ ಒಂದು ವಿಚಿತ್ರವನ್ನು ವರದಿ ಮಾಡಿದ. ಮುಖದ ಮೇಲೆ ಗಡ್ಡೆಯಿದ್ದ ರೋಗಿಗೆ, ನಮ್ಮ ವೈದ್ಯಗ್ರಂಥಗಳು ವಿಸರ್ಪವೆಂದು ಕರೆಯುವ, ಚರ್ಮ ಕೆಂಪೇರಿ ಉರಿಯುವ ಸೋಂಕು ತಗುಲಿ ಭಾರಿ ಜ್ವರ ಬಂತು. ಜ್ವರದ ಜೊತೆಗೆ ಗಡ್ಡೆಯೂ ಕರಗಿತು. ಇಪ್ಪತ್ತೈದು ವರ್ಷಗಳ ಮೇಲೆ, 1891ರಲ್ಲಿ, ನ್ಯೂಯಾರ್ಕಿನ ವಿಲಿಯಂ ಕೋಲಿ ಇಂತಹುದೇ ಇನ್ನೊಂದು ಪ್ರಸಂಗದಿಂದ ಪ್ರೇರಿತನಾಗಿ ರೋಗಿಗಳಿಗೆ ಬೇಕೆಂದೇ ಆ ಸೋಂಕನ್ನು ತಗುಲಿಸತೊಡಗಿದ. ಜೀವಂತ ರೋಗಾಣುಗಳನ್ನು ಚುಚ್ಚುವುದರ ಅಪಾಯ ಕಂಡ ಬಳಿಕ ಸತ್ತ ಅಣುಜೀವಿಗಳ ಮಿಶ್ರಣಕ್ಕೆ ಬಂದ. ಕೆಲವರು ನಿಜವಾಗಿಯೂ ಗುಣವಾದರು, ಹಲವರು ಆಗಲಿಲ್ಲ. ಕೋಲಿಯ ಮದ್ದಿನಲ್ಲಿ ಕೆಲಸ ಮಾಡಿದ್ದು ಜ್ವರದ ಬಿಸಿಗಿಂತ ಹೆಚ್ಚಾಗಿ ಮೈಯ ರೋಗನಿರೋಧಕ ಶಕ್ತಿಯೆಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ಅದು ನ್ಯಾಯವಾದ ಮಾತೇ. ಆದರೆ ಅಂದಿನವರ ಮನಸ್ಸಿನಲ್ಲಿ ಬಿಸಿಯೆಂಬುದು ನೆಲೆಯೂರಿತು. 1898ರಲ್ಲಿ ಸ್ವೀಡನ್ನಿನ ವೆಸ್ಟರ್‌ಮಾರ್ಕ್ ಎಂಬ ವೈದ್ಯ ಗರ್ಭಕೊರಳಿನ ಕ್ಯಾನ್ಸರಿಗೆ ಬಿಸಿನೀರು ಹರಿಯುವ ಲೋಹದ ಕೊಳವೆಯನ್ನು ಇಟ್ಟು, ಸುಡದೆಯೇ ಗಡ್ಡೆಯನ್ನು ಕುಗ್ಗಿಸಬಹುದೆಂದು ತೋರಿಸಿದ. ಆ ನೀರಿನ ಬಿಸಿ 42ರಿಂದ 44 ಡಿಗ್ರಿ ಸೆಲ್ಸಿಯಸ್. ನಾವು ಸ್ನಾನಕ್ಕೆ ಕಾಯಿಸುವ ನೀರಿಗಿಂತ ಬಹಳವೇನೂ ಹೆಚ್ಚಲ್ಲ.

ಆದರೆ ಅಷ್ಟು ಹೊತ್ತಿಗಾಗಲೇ ಎಲ್ಲರ ಕಣ್ಣು ಬೇರೆ ಕಡೆಗೆ ಹೊರಳಿತ್ತು. 1895ರಲ್ಲಿ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಿದ್ದ. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಅನ್ನು ಕಂಡುಹಿಡಿದರು. ಕಣ್ಣಿಗೆ ಕಾಣದ, ಮೈಗೆ ತಾಗದ ಈ ಕಿರಣಗಳ ಮುಂದೆ ಬಿಸಿನೀರಿನ ಕೊಳವೆಯನ್ನು ಕೇಳುವವರು ಯಾರು? ಬಿಸಿಯ ವಿದ್ಯೆ ಮೂಲೆ ಸೇರಿತು, ಕಿರಣದ ವಿದ್ಯೆ ಮುಂದೆ ನಡೆಯಿತು. ಒಂದರ ಕಷ್ಟಕ್ಕೆ ಇನ್ನೊಂದರಲ್ಲಿ ಉತ್ತರವಿದೆಯೆಂಬುದು ಮುಕ್ಕಾಲು ಶತಮಾನದವರೆಗೆ ಬೆಳಕಿಗೆ ಬರಲಿಲ್ಲ.

ಕಿರಣದ ಕಷ್ಟ ಏನಾಗಿತ್ತು? ಗಡ್ಡೆಯನ್ನು ಕೊಲ್ಲುವಷ್ಟು ಕಿರಣವನ್ನು ಒಂದೇ ಸಲ ಕೊಟ್ಟರೆ ಮೇಲಿನ ಚರ್ಮ, ಸುತ್ತಲಿನ ಮಾಂಸಗಳೂ ಸಾಯುತ್ತಿದ್ದವು. ಪ್ಯಾರಿಸಿನ ರಿಗೋ ಎಂಬ ವಿಜ್ಞಾನಿ ಟಗರುಗಳ ಮೇಲೆ ಪ್ರಯೋಗ ಮಾಡಿ ಒಂದು ದಾರಿ ಕಂಡ. ಟಗರಿನ ಬೀಜವನ್ನು ಕಿರಣದಿಂದ ಬಂಜೆ ಮಾಡಲು ಒಂದೇ ಸಲ ಕೊಟ್ಟರೆ ಚರ್ಮ ಹುಣ್ಣಾಗುತ್ತದೆ. ದಿನದಿನವೂ ಹಂಚಿ ಕೊಟ್ಟರೆ ಚರ್ಮ ಉಳಿಯುತ್ತದೆ, ಬೀಜವೂ ನಿಷ್ಫಲವಾಗುತ್ತದೆ. ಕುರಿ ಸಾಕುವ ನಮ್ಮ ಸೀಮೆಯ ಜನ ಇದನ್ನು ಕೇಳಿ ನಕ್ಕಾರು. ಆದರೆ ಇಂದಿಗೂ ಕ್ಯಾನ್ಸರ್ ರೋಗಿ ಐದಾರು ವಾರ ದಿನವೂ ಕಿರಣದ ಕೋಣೆಗೆ ಹೋಗಿ ಬರುವುದರ ಹಿಂದೆ ಆ ಟಗರು ಇದೆ. ರಿಗೋನ ಸಹೋದ್ಯೋಗಿ ಕೂತಾರ್ 1920 ಮತ್ತು 30ರ ದಶಕಗಳಲ್ಲಿ ಗಂಟಲಿನ ಕ್ಯಾನ್ಸರಿಗೆ ಈ ಕ್ರಮವನ್ನು ಬಳಸಿ ಯಶಸ್ಸು ಕಂಡ. ಹಂಚಿ ಕೊಟ್ಟರೆ ಒಳ್ಳೆಯದೆಂದು ಎಲ್ಲರೂ ಒಪ್ಪಿದರು. ಏಕೆ ಒಳ್ಳೆಯದೆಂಬುದಕ್ಕೆ ಉತ್ತರ ಮಾತ್ರ ಬಹುಕಾಲ ಯಾರ ಬಳಿಯೂ ಇರಲಿಲ್ಲ.

ಆ ಉತ್ತರವೇ ರಿಪೇರಿ. ಜೀವಕೋಶ ತನ್ನ ಗಾಯವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಈ ಮಾತು ಇಂದು ಸರಳವಾಗಿ ಕೇಳಿಸೀತು. 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಕ್ಷ-ಕಿರಣ ಬಿಟ್ಟು ಅವುಗಳ ವಂಶಗುಣ ಕೆಡುವುದನ್ನು ತೋರಿಸಿದಾಗ, ಕೆಟ್ಟದ್ದು ಕೆಟ್ಟೇಹೋಯಿತು ಎಂಬ ಭಾವನೆಯೇ ಬಲವಾಗಿತ್ತು. 1949ರಲ್ಲಿ ಕೆಲ್ನರ್ ಎಂಬಾತ, ನೇರಳಾತೀತ ಕಿರಣದಿಂದ ಸಾಯಬೇಕಾಗಿದ್ದ ಅಣುಜೀವಿಗಳು ಬರಿಯ ಬೆಳಕಿಗೆ ಒಡ್ಡಿದರೆ ಚೇತರಿಸಿಕೊಳ್ಳುವುದನ್ನು ಕಂಡು ಬೆರಗಾದ. 1953ರಲ್ಲಿ ವಾಟ್ಸನ್, ಕ್ರಿಕ್ ಇವರು ಡಿ.ಎನ್.ಎ.ಯ ಜೋಡಿ ಎಳೆಯ ರೂಪವನ್ನು ಬಿಡಿಸಿಟ್ಟರು. 1959ರಲ್ಲಿ ಎಲ್ಕೈಂಡ್ ಮತ್ತು ಸಟನ್ ಎಂಬಿಬ್ಬರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚೀನೀ ಹ್ಯಾಮ್‌ಸ್ಟರ್ ಇಲಿಯ ಜೀವಕೋಶಗಳಿಗೆ ಕಿರಣವನ್ನು ಎರಡು ಪಾಲು ಮಾಡಿ ಕೊಟ್ಟರು. ಎರಡು ಪಾಲುಗಳ ನಡುವೆ ಕೆಲವು ಗಂಟೆಗಳ ಬಿಡುವು ಇದ್ದರೆ ಬದುಕಿ ಉಳಿಯುವ ಕೋಶಗಳ ಸಂಖ್ಯೆ ಏರುತ್ತಿತ್ತು. ಟಗರಿನ ಒಗಟು ಬಿಡಿಸಿತು. ಆ ಬಿಡುವಿನಲ್ಲಿ ಕೋಶ ಸುಮ್ಮನೆ ಕುಳಿತಿರುವುದಿಲ್ಲ, ದುರಸ್ತಿ ನಡೆಸಿರುತ್ತದೆ. 1964ರಲ್ಲಿ ಮೂರು ಬೇರೆ ಬೇರೆ ಗುಂಪುಗಳು, ಕೆಟ್ಟ ತುಣುಕನ್ನು ಕತ್ತರಿಸಿ ತೆಗೆದು ಹೊಸದನ್ನು ತುಂಬುವ ಕಿಣ್ವಗಳ ಕೆಲಸವನ್ನು ಪತ್ತೆ ಹಚ್ಚಿದವು. 2015ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಲಿಂಡಾಲ್, ಮೋಡ್ರಿಚ್, ಸಾಂಜಾರ್ ಎಂಬ ಮೂವರಿಗೆ ಸಂದದ್ದು ಈ ದುರಸ್ತಿಯ ರಹಸ್ಯಗಳಿಗಾಗಿಯೇ.

ಹಳೆಯ ಗ್ರಂಥಗಳ ಸಂಪಾದನೆ ಮಾಡಿದವರಿಗೆ ಈ ದುರಸ್ತಿಯ ಕ್ರಮ ಬಹಳ ಪರಿಚಿತವೆನಿಸೀತು. ಓಲೆಗರಿಯ ಕಟ್ಟೊಂದು ನಮ್ಮ ಕೈಗೆ ಬರುತ್ತದೆನ್ನಿ. ಒಂದು ಅಕ್ಷರ ಅಳಿಸಿದ್ದರೆ ಹಿಂದುಮುಂದಿನ ಅಕ್ಷರಗಳನ್ನೂ ಪ್ರಾಸವನ್ನೂ ನೋಡಿ ಅದನ್ನು ತುಂಬುತ್ತೇವೆ. ಡಿ.ಎನ್.ಎ.ಯ ಎರಡು ಎಳೆಗಳಲ್ಲಿ ಒಂದು ಮಾತ್ರ ಹರಿದರೆ ಕೋಶ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಎದುರಿನ ಎಳೆ ಸರಿಯಾಗಿರುವುದರಿಂದ ಅದನ್ನು ನೋಡಿಕೊಂಡು ತಪ್ಪಿಹೋದದ್ದನ್ನು ತುಂಬುತ್ತದೆ. ಆದರೆ ಗರಿಯೇ ನಡುವೆ ತುಂಡಾಗಿ, ಮುರಿದ ಜಾಗದಲ್ಲಿ ಎರಡು ಸಾಲು ಪುಡಿಯಾಗಿದ್ದರೆ? ಆಗ ಎರಡು ದಾರಿಗಳಿವೆ. ಮೊದಲನೆಯದು ನಮ್ಮ ಇಳಕಲ್ಲಿನ ನೇಕಾರನ ದಾರಿ. ಮಗ್ಗದ ಮೇಲೆ ಹಾಸಿನ ಎಳೆ ಹರಿದರೆ ಅವನು ಎರಡು ತುದಿಗಳನ್ನು ಹಿಡಿದು ಗಂಟು ಹಾಕಿ ಮುಂದೆ ನೇಯುತ್ತಾನೆ. ಕೆಲಸ ಬೇಗ ಮುಗಿಯುತ್ತದೆ. ನಡುವೆ ಒಂದಿಷ್ಟು ನೂಲು ಹೋದರೆ ಹೋಯಿತು. ಎರಡನೆಯದು ಸಂಪಾದಕನ ದಾರಿ. ಅವನು ಅದೇ ಕಾವ್ಯದ ಇನ್ನೊಂದು ಪ್ರತಿಯನ್ನು ಹುಡುಕಿ ತಂದು, ಪಕ್ಕದಲ್ಲಿಟ್ಟುಕೊಂಡು, ತ್ರುಟಿತ ಭಾಗವನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡುತ್ತಾನೆ. ನಿಧಾನವಾದರೂ ಇದರಲ್ಲಿ ಪಾಠ ಶುದ್ಧವಾಗಿರುತ್ತದೆ. ಜೀವಕೋಶಕ್ಕೆ ಎರಡೂ ದಾರಿಗಳು ಗೊತ್ತು. ಎರಡನೆಯ ದಾರಿಗೆ ಮಾತ್ರ ಇನ್ನೊಂದು ಪ್ರತಿ ಕೈಯಲ್ಲಿರಬೇಕು. ಅಂದರೆ ಕೋಶ ಒಡೆದು ಎರಡಾಗಲು ಸಿದ್ಧವಾಗಿ, ತನ್ನ ಡಿ.ಎನ್.ಎ.ಯ ನಕಲನ್ನು ಆಗಲೇ ತೆಗೆದುಕೊಂಡಿರಬೇಕು.

ಒಂದು ಗ್ರೇ ಅಳತೆಯ ವಿಕಿರಣ ಒಂದು ಜೀವಕೋಶದಲ್ಲಿ ಸುಮಾರು 1000 ಒಂಟಿ ಎಳೆಯ ಕಡಿತಗಳನ್ನೂ 40ರಷ್ಟು ಜೋಡಿ ಎಳೆಯ ಕಡಿತಗಳನ್ನೂ ಮಾಡುತ್ತದೆ. ಆಸ್ಪತ್ರೆಯಲ್ಲಿ ರೋಗಿಗೆ ದಿನಕ್ಕೆ ಕೊಡುವುದು ಸಾಮಾನ್ಯವಾಗಿ 2 ಗ್ರೇ. ಸಾವಿರ ಒಂಟಿ ಕಡಿತಗಳು ಕೋಶಕ್ಕೆ ಲೆಕ್ಕವಲ್ಲ. ಕೊಲ್ಲುವುದು ಜೋಡಿ ಕಡಿತ, ಅದರಲ್ಲಿಯೂ ಸರಿಪಡಿಸದೆ ಉಳಿದದ್ದು. ಒಳ್ಳೆಯ ಕೋಶಗಳು ಮರುದಿನದ ಕಿರಣದ ಹೊತ್ತಿಗೆ ಬಹುಮಟ್ಟಿಗೆ ದುರಸ್ತಿಯಾಗಿರುತ್ತವೆ. ಅದು ನಮಗೆ ಬೇಕಾದದ್ದೇ. ಕಷ್ಟವೇನೆಂದರೆ ಗಡ್ಡೆಯ ಕೋಶಗಳೂ ಅದೇ ವಿದ್ಯೆ ಬಲ್ಲವು.

ಬಿಸಿ ಮರಳಿ ರಂಗಕ್ಕೆ ಬಂದದ್ದು ಇಲ್ಲಿ. 1971ರಲ್ಲಿ ವೆಸ್ಟ್ರಾ ಮತ್ತು ಡ್ಯೂಯಿ ಎಂಬ ವಿಜ್ಞಾನಿಗಳು ಬೆಳೆಸಿದ ಕೋಶಗಳನ್ನು ಕಾಯಿಸಿ ನೋಡಿದರು. ಡಿ.ಎನ್.ಎ.ಯ ನಕಲು ತೆಗೆಯುತ್ತಿರುವ ಹಂತದ ಕೋಶಗಳು ಕಿರಣಕ್ಕೆ ಗಟ್ಟಿ ಎಂದು ಮೊದಲೇ ಗೊತ್ತಿತ್ತು. ಬಿಸಿಗೆ ಅವೇ ಎಲ್ಲಕ್ಕಿಂತ ಮೆತ್ತಗೆಂದು ಈಗ ತಿಳಿಯಿತು. 1974ರಲ್ಲಿ ಬೆನ್-ಹುರ್, ಎಲ್ಕೈಂಡ್, ಬ್ರಾಂಕ್ ಇವರು ಪ್ರಕಟಿಸಿದ ಪ್ರಯೋಗ ಇನ್ನೂ ನೇರವಾದದ್ದು. ಕಿರಣದ ಜೊತೆಗೆ ಬಿಸಿ ಕೊಟ್ಟರೆ, ಬಿಡುವಿನಲ್ಲಿ ನಡೆಯಬೇಕಾಗಿದ್ದ ಆ ಚೇತರಿಕೆಯೇ ತಡೆಹಿಡಿಯಲ್ಪಡುತ್ತದೆ. ಹದಿನೈದು ವರ್ಷಗಳ ಹಿಂದೆ ಚೇತರಿಕೆಯನ್ನು ಲೋಕಕ್ಕೆ ತೋರಿಸಿದ ಎಲ್ಕೈಂಡನೇ ಅದು ನಿಂತದ್ದನ್ನು ತೋರಿಸಿದವರಲ್ಲಿಯೂ ಒಬ್ಬನಾಗಿದ್ದ. ವಿಜ್ಞಾನದ ಇತಿಹಾಸದಲ್ಲಿ ಇಂತಹ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಮರುವರ್ಷ, 1975ರಲ್ಲಿ, ವಾಷಿಂಗ್ಟನ್ನಿನಲ್ಲಿ ಬಿಸಿಯ ಚಿಕಿತ್ಸೆಯನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಗೋಷ್ಠಿ ನಡೆಯಿತು.

ಬಿಸಿ ಇದನ್ನು ಹೇಗೆ ಸಾಧಿಸುತ್ತದೆ? ಈ ಮಟ್ಟದ ಬಿಸಿ ಮಾಡುವ ಕೆಲಸವೆಲ್ಲ ಮುಖ್ಯವಾಗಿ ಪ್ರೋಟೀನುಗಳ ಮೇಲೆ. ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾಗುವುದನ್ನು ನೋಡಿದ್ದೀರಿ. ಅಷ್ಟು ದೂರ ಹೋಗಬೇಕಾಗಿಲ್ಲ. ಅದರ ಎಷ್ಟೋ ಮುಂಚೆಯೇ ನಾಜೂಕಾದ ಪ್ರೋಟೀನುಗಳ ಮಡಿಕೆ ಸಡಿಲವಾಗಿ ಅವು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ. ದುರಸ್ತಿಯ ಕಿಣ್ವಗಳು ಪ್ರೋಟೀನುಗಳೇ. ಕೆಟ್ಟ ಅಕ್ಷರದ ಜಾಗದಲ್ಲಿ ಹೊಸದನ್ನು ತುಂಬುವ ಪಾಲಿಮರೇಸ್ ಬೀಟಾ ಎಂಬ ಕಿಣ್ವ ಬಿಸಿಗೆ ಬೇಗ ಸೋಲುತ್ತದೆಂದು ಮೊದಲು ಗೊತ್ತಾಯಿತು. ಬಹುಕಾಲ ಅದೊಂದೇ ಪೂರ್ಣ ಉತ್ತರವೆಂದು ನಂಬಿದವರಿದ್ದರು. 2011ರಲ್ಲಿ ನೆದರ್ಲೆಂಡ್ಸಿನ ಕ್ರಾವ್ಚಿಕ್, ಕಾನಾರ್ ಮೊದಲಾದವರು ಇನ್ನೊಂದು ಬಾಗಿಲನ್ನು ತೆರೆದರು. 41ರಿಂದ 42.5 ಡಿಗ್ರಿಯ ಹದವಾದ ಬಿಸಿಯಲ್ಲಿ ಬಿಆರ್‌ಸಿಎ-2 ಎಂಬ ಪ್ರೋಟೀನನ್ನು ಕೋಶವೇ ಒಡೆದು ಹಾಕಿಬಿಡುತ್ತದೆ. ನಮ್ಮ ಹೋಲಿಕೆಯಲ್ಲಿ ಈ ಪ್ರೋಟೀನು, ಸಂಪಾದಕನ ಪಕ್ಕದಲ್ಲಿ ನಿಂತು ಎರಡನೆಯ ಪ್ರತಿಯನ್ನು ಹೊಂದಿಸಿಕೊಡುವ ಸಹಾಯಕ. ಅವನು ಎದ್ದು ಹೋದರೆ ಪ್ರತಿ ಇದ್ದೂ ಇಲ್ಲದಂತೆ. ಈ ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿದ್ದರೆ ಸ್ತನದ, ಅಂಡಾಶಯದ ಕ್ಯಾನ್ಸರುಗಳಿಗೆ ದಾರಿಯಾಗುತ್ತದೆಂಬುದು ತಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಹುಟ್ಟಿನಲ್ಲಿ ಶಾಪವಾಗುವ ಕೊರತೆಯನ್ನು ಗಡ್ಡೆಯೊಳಗೆ ಕೆಲವು ಗಂಟೆಗಳ ಮಟ್ಟಿಗೆ ಬಿಸಿ ಉಂಟುಮಾಡುತ್ತದೆ. ನಕಲು ತೆಗೆಯುವ ಹಂತದ ಕೋಶ ಕಿರಣಕ್ಕೆ ಏಕೆ ಗಟ್ಟಿ, ಬಿಸಿಗೆ ಏಕೆ ಮೆತ್ತಗೆ ಎಂಬ 1971ರ ಪ್ರಶ್ನೆಗೆ ಇದರಲ್ಲಿ ಒಂದು ಭಾಗದ ಉತ್ತರವಾದರೂ ಇದೆ. ಆ ಹಂತದಲ್ಲಿ ಇನ್ನೊಂದು ಪ್ರತಿ ಕೈಗೆ ಬಂದಿರುತ್ತದೆ. ಬಿಸಿ ಕಸಿದುಕೊಳ್ಳುವುದು ಆ ಪ್ರತಿಯ ಪ್ರಯೋಜನವನ್ನೇ. ನೇಕಾರನ ಗಂಟಿನ ದಾರಿ ಈ ಹದವಾದ ಬಿಸಿಗೆ ಅಷ್ಟಾಗಿ ಬಗ್ಗುವುದಿಲ್ಲ. ಇನ್ನೂ ಮೇಲಿನ ಉಷ್ಣದಲ್ಲಿ ಅದರ ಪ್ರೋಟೀನುಗಳೂ ಕುಂದುತ್ತವೆ.

ಇದಿಷ್ಟೇ ಅಲ್ಲ. ದೊಡ್ಡ ಗಡ್ಡೆಯ ನಡುವಿನ ಭಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಆಮ್ಲಜನಕ ಸಾಲದ ಅಂತಹ ಕೋಶಗಳು ಕಿರಣಕ್ಕೆ ಮಣಿಯುವುದು ಕಷ್ಟ. ಬಿಸಿಗೆ ಆಮ್ಲಜನಕದ ಹಂಗಿಲ್ಲ. ಹುಳಿಯೇರಿದ, ಹಸಿದ ಆ ಕೋಶಗಳೇ ಬಿಸಿಗೆ ಮೊದಲು ಬಲಿ. ಹದವಾದ ಬಿಸಿ ರಕ್ತದ ಹರಿವನ್ನೂ ಹೆಚ್ಚಿಸಿ ಕಿರಣಕ್ಕೆ ಸಹಾಯ ಮಾಡುತ್ತದೆ. ಒಂದು ಎಲ್ಲಿ ಸೋಲುತ್ತದೆಯೋ ಇನ್ನೊಂದು ಅಲ್ಲಿ ಗೆಲ್ಲುತ್ತದೆ.

ಇಷ್ಟೊಂದು ಅನುಕೂಲವಿದ್ದ ಮೇಲೆ ಈ ಚಿಕಿತ್ಸೆ ಊರೂರಿಗೆ ಏಕೆ ಬರಲಿಲ್ಲ? ಮೊದಲನೆಯ ಕಾರಣ ನಮ್ಮ ಮೈ. ಹುನಗುಂದದ ಮೇ ತಿಂಗಳ ಬಿಸಿಲಿನಲ್ಲಿ ಹೊರಗೆ 42 ಡಿಗ್ರಿ ಇದ್ದರೂ ನಮ್ಮ ಒಡಲೊಳಗೆ 37 ಡಿಗ್ರಿಯೇ ಇರುತ್ತದೆ. ಬೆವರು, ಚರ್ಮದ ಕಡೆಗೆ ನುಗ್ಗುವ ರಕ್ತ, ಇವು ಕಾವಲುಗಾರರಂತೆ ದುಡಿಯುತ್ತವೆ. ಬಿಸಿಲಿನಲ್ಲಿ ಕುಳಿತರೆ, ಬಿಸಿನೀರು ಮಿಂದರೆ ಗಡ್ಡೆ ಕಾಯುವುದಿಲ್ಲ. ಒಡಲೇ 42 ಡಿಗ್ರಿಗೆ, ಜ್ವರದ ಲೆಕ್ಕದಲ್ಲಿ 107.6 ಫ್ಯಾರನ್‌ಹೀಟಿಗೆ ಏರಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಗಡ್ಡೆಯನ್ನು ಮಾತ್ರ ಕಾಯಿಸಿ ಉಳಿದ ಮೈಯನ್ನು ತಣ್ಣಗಿಡುವ ಯಂತ್ರ ಬೇಕು. ಅದಕ್ಕೆ ಬಳಸುವುದು ಶ್ರವಣಾತೀತ ಶಬ್ದವನ್ನು, ಮೈಕ್ರೋವೇವನ್ನು ಇಲ್ಲವೆ ರೇಡಿಯೋ ಅಲೆಗಳನ್ನು. ಹೊಟ್ಟೆಯ ಆಳದ ಗಡ್ಡೆಗಳನ್ನು ಕಾಯಿಸುವ ಯಂತ್ರಗಳು ಎಫ್.ಎಂ. ಪ್ರಸಾರದ ಕಂಪನಾಂಕಗಳ ಆಸುಪಾಸಿನಲ್ಲಿಯೇ ಕೆಲಸ ಮಾಡುತ್ತವೆ. ಮಾತನ್ನು ಮನೆಮನೆಗೆ ತಲುಪಿಸುವ ಅಲೆಗಳ ಬಂಧುಗಳೇ ಅಲ್ಲಿ ದುಡಿಯುತ್ತಿವೆಯೆಂದು ಬಾನುಲಿಯ ಮಾತುಗಾರನಾದ ನಾನು ಒಂದಿಷ್ಟು ಹೆಮ್ಮೆ ಪಟ್ಟರೆ ತಪ್ಪಾಗಲಾರದು.

ಎರಡನೆಯದು ಅಳತೆಯ ಕಷ್ಟ. 1984ರಲ್ಲಿ ಸಪರೆಟೋ ಮತ್ತು ಡ್ಯೂಯಿ ಒಂದು ಲೆಕ್ಕ ಕಟ್ಟಿದರು. 43 ಡಿಗ್ರಿಯಲ್ಲಿ ಒಂದು ಗಂಟೆ ಮಾಡುವ ಕೆಲಸಕ್ಕೆ 44 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು, 42 ಡಿಗ್ರಿಯಲ್ಲಾದರೆ ನಾಲ್ಕು ಗಂಟೆ ಬೇಕು. ಒಂದು ಡಿಗ್ರಿ ತಪ್ಪಿದರೆ ಇಷ್ಟು ಅಂತರ! ಗಡ್ಡೆಯ ಒಂದು ಮೂಲೆ 43 ಮುಟ್ಟಿದಾಗ ಇನ್ನೊಂದು ಮೂಲೆ 40ರಲ್ಲಿಯೇ ಉಳಿದಿರಬಹುದು. ಮೂರನೆಯದು ಕೋಶದ ಜಾಣತನ. 1962ರಲ್ಲಿ ಇಟಲಿಯ ರಿಟೋಸಾ ಎಂಬಾತನ ಹಣ್ಣಿನ ನೊಣಗಳ ಪೆಟ್ಟಿಗೆಯ ಉಷ್ಣವನ್ನು ಯಾರೋ ಅಕಸ್ಮಾತ್ತಾಗಿ ಏರಿಸಿಬಿಟ್ಟಿದ್ದರು. ಅವುಗಳ ವರ್ಣತಂತುಗಳಲ್ಲಿ ಹೊಸ ಉಬ್ಬುಗಳು ಕಂಡವು. ಬಿಸಿಯ ಪೆಟ್ಟು ಬಿದ್ದಾಗ ಕೋಶ ತಯಾರಿಸುವ ರಕ್ಷಕ ಪ್ರೋಟೀನುಗಳ ಗುರುತು ಅವು. ಒಮ್ಮೆ ಕಾಯಿಸಿದ ಕೋಶ ಎರಡು ಮೂರು ದಿನ ಬಿಸಿಗೆ ಜಗ್ಗುವುದಿಲ್ಲ. ಆದುದರಿಂದಲೇ ಕಿರಣವನ್ನು ದಿನವೂ ಕೊಟ್ಟರೂ ಬಿಸಿಯನ್ನು ವಾರಕ್ಕೆ ಒಂದೆರಡು ಸಲ ಮಾತ್ರ ಕೊಡುತ್ತಾರೆ.

ನಮ್ಮ ನಾಡಿನಲ್ಲಿ ಈ ಕೆಲಸ ನಡೆದ ಒಂದು ಜಾಗ ಮಣಿಪಾಲ. ಅಲ್ಲಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವಶಾಸ್ತ್ರ ವಿಭಾಗದಲ್ಲಿ ಡಾ. ಪಿ. ಉಮಾದೇವಿಯವರು ನಮ್ಮ ಗಿಡಮೂಲಿಕೆಗಳನ್ನು ಈ ಕಣ್ಣಿನಿಂದ ಪರೀಕ್ಷಿಸಿದರು. ತುಳಸಿಯ ಎಲೆಯ ಕೆಲವು ಅಂಶಗಳು ಒಳ್ಳೆಯ ಕೋಶಗಳನ್ನು ಕಿರಣದಿಂದ ಕಾಪಾಡಬಲ್ಲವೇ ಎಂದು ಒಂದು ಕಡೆ ನೋಡಿದರೆ, ಅಶ್ವಗಂಧದ ಅಂಶವೊಂದು ಗಡ್ಡೆಯನ್ನು ಕಿರಣಕ್ಕೆ ಮೆತ್ತಗಾಗಿಸುತ್ತದೆಯೇ ಎಂದು ಇನ್ನೊಂದು ಕಡೆ ನೋಡಿದರು. ಅಶ್ವಗಂಧವೆಂದರೆ ನಮ್ಮವರ ಹಿರೇಮದ್ದಿನ ಗಿಡವೇ. ಅದರಿಂದ ಬೇರ್ಪಡಿಸಿದ ವಿದಾಫೆರಿನ್-ಎ ಎಂಬ ವಸ್ತುವನ್ನು ಕಿರಣ ಮತ್ತು ಬಿಸಿಗಳ ಜೊತೆಗೆ ಇಲಿಗಳ ಗಡ್ಡೆಗಳ ಮೇಲೆ ಪ್ರಯೋಗಿಸಿದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಮೂರೂ ಕೂಡಿದಾಗ ಗಡ್ಡೆ ಕುಗ್ಗಿದ್ದು ಬರಿಯ ಕಿರಣಕ್ಕಿಂತ ಹೆಚ್ಚು. ಇದು ಇಲಿಗಳ ಮಾತು, ಶುದ್ಧೀಕರಿಸಿ ಅಳೆದ ವಸ್ತುವಿನ ಮಾತು. ಬೇರನ್ನು ಅರೆದು ಕುಡಿಯುವವರು ಇದನ್ನು ತಮಗೆ ಸಿಕ್ಕ ಪ್ರಮಾಣಪತ್ರವೆಂದು ತಿಳಿಯಬಾರದು. ಬಿಸಿಯ ಹಂಗಿಲ್ಲದೆ ಔಷಧದಿಂದಲೇ ಬೆಸುಗೆಯನ್ನು ತಡೆಯುವ ಯತ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಸತೀಸ್ ರಾಘವನ್ ಅವರ ತಂಡ 2012ರಲ್ಲಿ ಎಸ್.ಸಿ.ಆರ್.-7 ಎಂಬ ಚಿಕ್ಕ ಅಣುವೊಂದನ್ನು ಪ್ರಕಟಿಸಿತು. ನೇಕಾರನ ಗಂಟನ್ನು ಅದು ತಡೆಯುತ್ತದೆಂಬುದು ಅವರ ವಾದ. ಆ ಅಣುವಿನ ಬಲವನ್ನು ಪ್ರಶ್ನಿಸಿದ ಹೊರನಾಡಿನ ಪ್ರಯೋಗಶಾಲೆಗಳೂ ಇವೆ. ವಿಜ್ಞಾನದಲ್ಲಿ ಪಾಠಾಂತರದ ಜಗಳ ನಮ್ಮ ಕ್ಷೇತ್ರಕ್ಕಿಂತ ಸೌಮ್ಯವೇನಲ್ಲ.

ರೋಗಿಗಳ ಮೇಲೆ ನಡೆದ ಪರೀಕ್ಷೆಗಳ ಕಥೆ ಏರಿಳಿತದ್ದು. 1980ರ ದಶಕದಲ್ಲಿ ಅಮೆರಿಕದಲ್ಲಿ ಮೇಲ್ಮಟ್ಟದ ಗಡ್ಡೆಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ, ಉತ್ಸಾಹ ಉಡುಗಿತು. ಹಲವು ರೋಗಿಗಳಲ್ಲಿ ಗಡ್ಡೆ ಸಾಕಷ್ಟು ಕಾದೇ ಇರಲಿಲ್ಲವೆಂಬುದು ಬಳಿಕ ತಿಳಿಯಿತು. ಕಾಯದ ಕಬ್ಬಿಣವನ್ನು ಬಡಿದು ಕಮ್ಮಾರನನ್ನು ಬೈದಂತಾಯಿತು. 1996ರಲ್ಲಿ ಸ್ತನ ಕ್ಯಾನ್ಸರಿನ 306 ಪ್ರಸಂಗಗಳ ವರದಿ ಬಂತು. ಬರಿಯ ಕಿರಣದಿಂದ ನೂರಕ್ಕೆ 41ರಲ್ಲಿ ಗಡ್ಡೆ ಪೂರ್ಣ ಮಾಯವಾದರೆ, ಬಿಸಿಯೂ ಕೂಡಿದಾಗ ನೂರಕ್ಕೆ 59ರಲ್ಲಿ ಮಾಯವಾಗಿತ್ತು. 2000ದಲ್ಲಿ ನೆದರ್ಲೆಂಡ್ಸಿನ ವಾನ್ ಡರ್ ಝೀ ಮತ್ತು ಸಂಗಡಿಗರು ಕಿಬ್ಬೊಟ್ಟೆಯ ಕ್ಯಾನ್ಸರುಗಳ 358 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಹೆಂಗಸರದು ಎದ್ದು ಕಾಣುವ ಸಂಗತಿ. ಮೂರು ವರ್ಷಗಳ ತರುವಾಯ ಬದುಕಿದ್ದವರು ಬರಿಯ ಕಿರಣ ಪಡೆದವರಲ್ಲಿ ನೂರಕ್ಕೆ 27, ಬಿಸಿಯೂ ದೊರೆತವರಲ್ಲಿ ನೂರಕ್ಕೆ 51. ವೆಸ್ಟರ್‌ಮಾರ್ಕ್ ಬಿಸಿನೀರಿನ ಕೊಳವೆ ಹಿಡಿದು ಹೊರಟಿದ್ದ ರೋಗ ಇದೇ. ನಡುವೆ ನೂರೆರಡು ವರ್ಷಗಳು ಸಂದಿದ್ದವು.

ಆದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಇದೇ ರೋಗದ 110 ಹೆಂಗಸರ ಮೇಲೆ ನಡೆಸಿದ ಪರೀಕ್ಷೆಯ ವರದಿ 2005ರಲ್ಲಿ ಬಂದಾಗ, ಬಿಸಿಯಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಯಂತ್ರ, ಕಾಯಿಸಿದ ಬಗೆ, ರೋಗಿಗಳ ಸ್ಥಿತಿ ಎಲ್ಲವೂ ಬೇರೆಯಾಗಿದ್ದವು. ಡಚ್ಚರ ಪರೀಕ್ಷೆಯ ಕಾಲಕ್ಕೆ ಕಿರಣದ ಜೊತೆ ಔಷಧ ಕೊಡುವ ರೂಢಿಯಿರಲಿಲ್ಲ. 1999ರ ತರುವಾಯ ಅದೇ ವಾಡಿಕೆಯಾದ್ದರಿಂದ ಬಿಸಿಯ ಪ್ರಶ್ನೆ ಮತ್ತೆ ಹಿಂದೆ ಸರಿಯಿತು. ಔಷಧಕ್ಕೆ ಒಂದು ಸೂಜಿ ಸಾಕು. ಬಿಸಿಗೆ ಯಂತ್ರ ಬೇಕು, ಅದನ್ನು ಬಲ್ಲವರು ಬೇಕು, ಒಬ್ಬ ರೋಗಿಗೆ ಒಂದೂವರೆ ಗಂಟೆಯಾದರೂ ಬೇಕು. ನನಗನಿಸುವಂತೆ, ಈ ವಿದ್ಯೆ ಹಿಂದುಳಿದದ್ದು ಸುಳ್ಳಾಗಿದ್ದರಿಂದಲ್ಲ, ದುಬಾರಿಯೂ ನಿಧಾನವೂ ಆಗಿದ್ದರಿಂದ.

ನಮ್ಮ ಜಿಲ್ಲೆಯ ರೋಗಿಗಳು ಕಿರಣಕ್ಕಾಗಿ ಹುಬ್ಬಳ್ಳಿಯ ನವನಗರಕ್ಕೆ, ಮಿರಜಿಗೆ, ಇಲ್ಲವೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತಾ ಬಂದವರು. ತಂಬಾಕಿನಿಂದ ಬಾಯಿಯ ಕ್ಯಾನ್ಸರು ಬಂದವರು, ತಡವಾಗಿ ಪರೀಕ್ಷೆ ಮಾಡಿಸಿಕೊಂಡ ಹೆಣ್ಣುಮಕ್ಕಳು ಅವರಲ್ಲಿ ಬಹಳ. ಅವರ ಮನೆಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕಿರಣ ತಾಗಿದ ಚರ್ಮಕ್ಕೆ ಬಿಸಿನೀರಿನ ಶಾಖ, ಇಟ್ಟಿಗೆಯ ಕಾವು, ಬಿಸಿನೀರಿನ ರಬ್ಬರ್ ಚೀಲ ಇವಾವನ್ನೂ ಮುಟ್ಟಿಸಬಾರದು. ಮೇಲಿಂದ ಕೊಟ್ಟ ಶಾಖ ಗಡ್ಡೆಯನ್ನು ಮುಟ್ಟುವುದಿಲ್ಲ. ದುರಸ್ತಿಯಾಗಬೇಕಾದ ಚರ್ಮದ ಒಳ್ಳೆಯ ಕೋಶಗಳನ್ನು ಮಾತ್ರ ಸುಡುತ್ತದೆ. ಮೊದಲಿಗೆ ಸುಡುವುದು ಬೇರೆ, ಕಾಯಿಸುವುದು ಬೇರೆ ಎಂದೆನಲ್ಲ, ಆ ಭೇದ ಇಲ್ಲಿ ಒಬ್ಬರ ಮೈಯ ಪ್ರಶ್ನೆಯಾಗುತ್ತದೆ.

ಬಿಸಿಗೂ ಕಿರಣಕ್ಕೂ ನಡುವೆ ಎಷ್ಟು ಹೊತ್ತು ಇರಬೇಕೆಂಬ ಜಗಳ ಮಾತ್ರ ಮುಗಿದಿಲ್ಲ. ದುರಸ್ತಿ ನಡೆಯುವುದು ಕಿರಣ ತಾಗಿದ ಮೊದಲ ಕೆಲವು ಗಂಟೆಗಳಲ್ಲಿ. ಆದ್ದರಿಂದ ಬಿಸಿ ಆ ಹೊತ್ತಿಗೆ ಸರಿಯಾಗಿ ಬರಬೇಕೆಂಬುದು ತರ್ಕ. 2017ರಲ್ಲಿ ಆಮ್ಸ್ಟರ್‌ಡ್ಯಾಮಿನ ವೈದ್ಯರು 58 ಹೆಂಗಸರ ದಾಖಲೆಗಳನ್ನು ನೋಡಿ, ಅಂತರ ಕಡಿಮೆಯಿದ್ದವರಲ್ಲಿ ರೋಗ ಮರುಕಳಿಸಿದ್ದು ಕಡಿಮೆ, ಸತ್ತವರೂ ಕಡಿಮೆ ಎಂದು ಬರೆದರು. 2019ರಲ್ಲಿ ರಾಟರ್‌ಡ್ಯಾಮಿನವರು 400 ಹೆಂಗಸರ ದಾಖಲೆಗಳನ್ನು ನೋಡಿ, ನಾಲ್ಕು ಗಂಟೆಯೊಳಗೆ ಕೊಟ್ಟರೆ ಅಂತರದಿಂದ ಭೇದವಾಗಲಿಲ್ಲವೆಂದು ಉತ್ತರ ಕೊಟ್ಟರು. ಎರಡು ಊರುಗಳ ನಡುವೆ ರೈಲಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ.